ಮೊದಲ ಆರ್ಕಿಡ್: ಮನೆಯ ಬೆಳಕು ನೋಡಿ ಗಿಡ ಆರಿಸುವ ಬಗೆ

ಹೊಸದಾಗಿ ಆರ್ಕಿಡ್ ಬೆಳೆಸುವವರು ಕೊಳ್ಳುವ ಗಿಡಕ್ಕೆ ಎರಡು ಗುಣ ಇರಬೇಕು. ನಾಲ್ಕು ದಿನ ನೀರು ತಪ್ಪಿದರೂ ತಾಳಿಕೊಳ್ಳುವಷ್ಟು ದಾಸ್ತಾನು ಅದರ ಮೈಯಲ್ಲೇ ಇರಬೇಕು. ಒಂದು ಕುಡಿ ಕೊಳೆತುಹೋದರೆ ಬುಡದಿಂದ ಇನ್ನೊಂದು ಕುಡಿ ಒಡೆಯುವಂತಿರಬೇಕು. ಹೂವಿನ ಬಣ್ಣ, ಗಾತ್ರ, ಸುವಾಸನೆಗಳೆಲ್ಲ ಆಮೇಲಿನ ಮಾತು. ಆರ್ಕಿಡ್ ಕುಟುಂಬದಲ್ಲಿ ಜಗತ್ತಿನಾದ್ಯಂತ ಸುಮಾರು 28,000 ಪ್ರಭೇದಗಳಿವೆ. ಭಾರತೀಯ ಸಸ್ಯ ಸರ್ವೇಕ್ಷಣಾ ಸಂಸ್ಥೆ 2019ರಲ್ಲಿ ಹೊರತಂದ ಗ್ರಂಥದಲ್ಲಿ ನಮ್ಮ ದೇಶದ 1,256 ಪ್ರಭೇದಗಳ ವಿವರವಿದೆ. ಇವುಗಳ ಜೊತೆಗೆ ಮನುಷ್ಯರು ಮಾಡಿದ ತಳಿಗಳು ಲಕ್ಷ ಮೀರುತ್ತವೆ. ಆದರೆ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಬಡಾವಣೆಯ ಮನೆಗಳಲ್ಲಿ ಮೊದಲ ಗಿಡ ಇಡುವವರು ಐದಾರು ಗುಂಪುಗಳನ್ನು ತಿಳಿದುಕೊಂಡರೆ ಸಾಕು. ಹೂ ನೋಡಿ ಗಿಡ ಕೊಳ್ಳದೆ, ಮನೆಯಲ್ಲಿ ಬೆಳಕು ಎಷ್ಟಿದೆ ಎಂದು ನೋಡಿ ಕೊಂಡರೆ ಅವುಗಳಲ್ಲಿ ಒಂದಾದರೂ ಪ್ರತಿ ಮನೆಗೂ ಒಗ್ಗುತ್ತದೆ.

ಮಾರಾಟಕ್ಕೆ ಬರುವ ಬಹುಪಾಲು ಆರ್ಕಿಡ್‌ಗಳು ಕಾಡಿನಲ್ಲಿ ಮರದ ಕೊಂಬೆಯ ಮೇಲೆ ಬೆಳೆಯುವ ಜಾತಿಗಳ ವಂಶದವು. ಮಾವಿನ ಮರಕ್ಕೆ ಹತ್ತುವ ಬಂದಳಿಕೆ ಮರದ ರಸ ಹೀರಿ ಬದುಕುತ್ತದೆ, ಆರ್ಕಿಡ್ ಹಾಗಲ್ಲ. ಅದು ಕೊಂಬೆಯನ್ನು ಆಸರೆಗಷ್ಟೇ ಹಿಡಿದು, ತೊಗಟೆಯ ಮೇಲೆ ಹರಿಯುವ ಮಳೆನೀರು, ಇಬ್ಬನಿ, ಕೊಳೆತ ಎಲೆಯ ಸಾರದಲ್ಲಿ ಜೀವಿಸುತ್ತದೆ. ಅದರ ಬೇರಿನ ಸುತ್ತ ವೆಲಮೆನ್ ಎಂಬ ಬಿಳಿ ಪದರವಿದೆ. ಸತ್ತ, ಟೊಳ್ಳಾದ ಜೀವಕೋಶಗಳ ಈ ಪದರ ನೀರು ಬಿದ್ದ ಕೆಲವೇ ಕ್ಷಣಗಳಲ್ಲಿ ಅದನ್ನು ಹೀರಿಕೊಳ್ಳುತ್ತದೆ. ಒಣಗಿದಾಗ ಬೇರು ಬೂದಿ ಬಣ್ಣ, ತೊಯ್ದಾಗ ಹಸಿರು. ನೀರು ಯಾವಾಗ ಹಾಕಬೇಕು ಎಂಬ ಪ್ರಶ್ನೆಗೆ ಇಡೀ ಗಿಡದಲ್ಲಿ ಇದಕ್ಕಿಂತ ನಂಬಿಕಸ್ಥ ಗುರುತು ಇನ್ನೊಂದಿಲ್ಲ. ಇಂಥ ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಕೆಮ್ಮಣ್ಣು ಗೊಬ್ಬರ ತುಂಬಿದ ಕುಂಡದಲ್ಲಿ ಅದು ಕೆಲವೇ ವಾರಗಳಲ್ಲಿ ಉಸಿರುಗಟ್ಟಿ ಕೊಳೆಯುತ್ತದೆ. ಮನೆಯಲ್ಲಿ ಸಾಯುವ ಆರ್ಕಿಡ್‌ಗಳಲ್ಲಿ ಹೆಚ್ಚಿನವು ಸಾಯುವುದು ಬಾಯಾರಿ ಅಲ್ಲ, ನೀರು ಹೆಚ್ಚಾಗಿ.

ಹವಾಮಾನದ ವಿಷಯದಲ್ಲಿ ಬೆಂಗಳೂರಿನವರು ಅದೃಷ್ಟವಂತರು. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಈ ಊರಿನಲ್ಲಿ ಡಿಸೆಂಬರ್-ಜನವರಿಯ ರಾತ್ರಿ ಉಷ್ಣಾಂಶ 15-16 ಡಿಗ್ರಿಗೆ ಇಳಿಯುತ್ತದೆ, ಏಪ್ರಿಲ್ ಹಗಲು 34ರ ಆಸುಪಾಸು ಏರುತ್ತದೆ. ಹಿಮವಿಲ್ಲ, ಕರಾವಳಿಯ ಸೆಕೆಯಿಲ್ಲ. ಉಷ್ಣವಲಯದ ಆರ್ಕಿಡ್‌ಗಳಲ್ಲಿ ಹಲವು ಈ ಮಿತಿಯೊಳಗೆ ಸುಖವಾಗಿರುತ್ತವೆ; ಹೊರದೇಶಗಳಲ್ಲಿ ಗಾಜಿನ ಮನೆ ಕಟ್ಟಿ, ಹೀಟರ್ ಇಟ್ಟು ಒದಗಿಸುವ ವಾತಾವರಣ ಇಲ್ಲಿ ಬಾಲ್ಕನಿಯಲ್ಲೇ ಸಿಗುತ್ತದೆ. ಕಷ್ಟದ ಕಾಲ ಎರಡು. ಫೆಬ್ರವರಿ ಕೊನೆಯಿಂದ ಮೊದಲ ಮಳೆಯವರೆಗೆ ಮಧ್ಯಾಹ್ನದ ಗಾಳಿ ತೀರಾ ಒಣಗಿರುತ್ತದೆ. ಜುಲೈಯಿಂದ ಅಕ್ಟೋಬರ್‌ವರೆಗೆ ಮೋಡ, ಜಿಟಿಜಿಟಿ ಮಳೆ, ಒಣಗದ ಕುಂಡ. ಮೊದಲನೆಯದಕ್ಕೆ ತಾಳುವ ಗಿಡ ಎರಡನೆಯದರಲ್ಲಿ ಕೊಳೆಯಬಹುದು. ಎರಡನ್ನೂ ದಾಟುವ ಗಿಡವೇ ಹೊಸಬರಿಗೆ ತಕ್ಕದ್ದು.

ಬೆಳಕಿನ ಲೆಕ್ಕ ಇನ್ನೂ ಸೂಕ್ಷ್ಮ. ವಿದೇಶಿ ಪುಸ್ತಕಗಳು ದಕ್ಷಿಣದ ಕಿಟಕಿಗೆ ಬಿಸಿಲು, ಉತ್ತರದ ಕಿಟಕಿಗೆ ನೆರಳು ಎಂದು ಬರೆಯುತ್ತವೆ. ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಬೆಂಗಳೂರಿಗೆ ಆ ಮಾತು ವರ್ಷವಿಡೀ ಸರಿಯಲ್ಲ. ಏಪ್ರಿಲ್ 24ರ ಆಸುಪಾಸು ಮತ್ತು ಆಗಸ್ಟ್ 18ರ ಆಸುಪಾಸು ನಡುಹಗಲಿನ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಊರಿನಲ್ಲಿ ಶೂನ್ಯ ನೆರಳಿನ ದಿನವೆಂದು ಶಾಲಾ ಮಕ್ಕಳು ಕೋಲು ನೆಟ್ಟು ನೋಡುವುದು ಇದನ್ನೇ. ಈ ಎರಡು ದಿನಗಳ ನಡುವಿನ ಸುಮಾರು ನಾಲ್ಕು ತಿಂಗಳು ಸೂರ್ಯ ನಡುಹಗಲಲ್ಲಿ ಉತ್ತರಕ್ಕೆ ವಾಲಿರುತ್ತಾನೆ. ಆದ್ದರಿಂದ ಮೇ ತಿಂಗಳಲ್ಲಿ ಉತ್ತರದ ಬಾಲ್ಕನಿಗೂ ನೇರ ಬಿಸಿಲು ಬಡಿಯುತ್ತದೆ. ಅಲ್ಲಿ ವರ್ಷವೆಲ್ಲ ನೆರಳು ಎಂದು ನಂಬಿ ಇಟ್ಟ ಗಿಡದ ಎಲೆ ಆಗ ಸುಡುತ್ತದೆ. ದಕ್ಷಿಣದ ಬಾಲ್ಕನಿಗೆ ನವೆಂಬರ್‌ನಿಂದ ಜನವರಿವರೆಗೆ ಓರೆ ಬಿಸಿಲು ಒಳಗಿನ ಗೋಡೆಯ ತನಕ ಬರುತ್ತದೆ, ಮಳೆಗಾಲದಲ್ಲಿ ಅದು ಮಂಕಾಗಿರುತ್ತದೆ. ಪೂರ್ವದ ಬಾಲ್ಕನಿ ಎಲ್ಲಕ್ಕಿಂತ ಉತ್ತಮ: ಬೆಳಗಿನ ಎಳೆಬಿಸಿಲು, ಮಧ್ಯಾಹ್ನ ನೆರಳು. ಪಶ್ಚಿಮದ್ದು ಮಾರ್ಚ್‌ನಿಂದ ಮೇವರೆಗೆ ಕಠಿಣ. ಅಲ್ಲಿ ಶೇಕಡಾ 50ರ ಹಸಿರು ಶೇಡ್ ನೆಟ್ ಕಟ್ಟದೆ ಆರ್ಕಿಡ್ ಇಡಬಾರದು.

ದಿಕ್ಕಿನ ಜೊತೆ ಬಡಾವಣೆಯ ಕಟ್ಟಡಗಳನ್ನೂ ನೋಡಬೇಕು. 1948ರಲ್ಲಿ ಅಡಿಗಲ್ಲು ಬಿದ್ದ ಜಯನಗರದ ಹಳೆಯ ಬ್ಲಾಕುಗಳಲ್ಲಿ ರಸ್ತೆಬದಿಯ ಹೊಂಗೆ, ಮಳೆಮರಗಳು ಬಿಸಿಲನ್ನು ಸೋಸಿ ಕೆಳಗೆ ಬಿಡುತ್ತವೆ. ಅಂಥ ಮನೆಯ ಕಾಂಪೌಂಡಿನ ಒಳಬದಿ ಆರ್ಕಿಡ್‌ಗೆ ಕಾಡಿನಷ್ಟೇ ಹಿತ. ಬಿಟಿಎಂ ಬಡಾವಣೆಯ ಒಳರಸ್ತೆಗಳಲ್ಲಿ ಎದುರುಬದುರು ಕಟ್ಟಡಗಳು ತಲೆಗೆ ತಲೆ ತಾಗುವಂತಿವೆ. ಮೊದಲ ಮಹಡಿಗೆ ಆಕಾಶವೇ ಕಾಣದಿರಬಹುದು, ತಾರಸಿಗೆ ಇಡೀ ದಿನ ಬಿಸಿಲು. ಜೆ.ಪಿ. ನಗರ, ಬನಶಂಕರಿಯ ಎತ್ತರದ ಅಪಾರ್ಟ್‌ಮೆಂಟುಗಳಲ್ಲಿ ಬೆಳಕು ಧಾರಾಳ, ಆದರೆ ಗಾಳಿ ಕುಂಡವನ್ನು ಅರ್ಧ ದಿನದಲ್ಲಿ ಒಣಗಿಸುತ್ತದೆ. ತಾರಸಿಯ ಕಾಂಕ್ರೀಟ್ ಬೇಸಿಗೆಯಲ್ಲಿ ರಾತ್ರಿಯೂ ಕಾವು ಬಿಡುವುದರಿಂದ ಅಲ್ಲಿ ಕುಂಡಗಳನ್ನು ನೆಲದಿಂದ ಮೇಲೆ, ಸ್ಟ್ಯಾಂಡಿನ ಮೇಲೋ ನೇತುಹಾಕಿಯೋ ಇಡಬೇಕು. ಬೆಳಕನ್ನು ಅಳೆಯಲು ಉಪಕರಣ ಬೇಕಿಲ್ಲ. ಹಗಲು ಹನ್ನೊಂದರ ಹೊತ್ತಿಗೆ ಗಿಡ ಇಡುವ ಜಾಗದ ಒಂದು ಅಡಿ ಮೇಲೆ ಅಂಗೈ ಚಾಚಿದಾಗ ನೆರಳಿನ ಅಂಚು ಚೂಪಾಗಿ ಬಿದ್ದರೆ ಅದು ಹೆಚ್ಚು ಬೆಳಕು, ಅಂಚು ಮಸುಕಾಗಿದ್ದರೆ ಮಧ್ಯಮ, ನೆರಳೇ ಕಾಣದಿದ್ದರೆ ಕಡಿಮೆ.

ದಿನಕ್ಕೆ ಮೂರು-ನಾಲ್ಕು ಗಂಟೆ ಬೆಳಗಿನ ಬಿಸಿಲು ಬೀಳುವ ಮನೆಗೆ ಮೊದಲ ಗಿಡವಾಗಿ ಡೆಂಡ್ರೋಬಿಯಂ ಬಿಟ್ಟು ಬೇರೆ ಹುಡುಕುವ ಅಗತ್ಯವಿಲ್ಲ. ಮದುವೆ ಮಂಟಪಗಳ ಅಲಂಕಾರದಲ್ಲಿ, ಹೂಗುಚ್ಛಗಳಲ್ಲಿ ಕಾಣುವ ನೇರಳೆ-ಬಿಳಿ ಹೂವಿನ 'ಸೋನಿಯಾ' ಇದರ ಹೆಸರಾಂತ ತಳಿ. ಉತ್ತರ ಆಸ್ಟ್ರೇಲಿಯಾ, ನ್ಯೂಗಿನಿ ಕಡೆಯ ಬೆಚ್ಚನೆಯ ನಾಡಿನ ಡೆಂಡ್ರೋಬಿಯಂ ಬಿಗಿಬ್ಬಮ್ ಮೊದಲಾದ ಪ್ರಭೇದಗಳಿಂದ ಬಂದ ಈ ಗುಂಪಿಗೆ ಬೆಂಗಳೂರಿನ ಬೇಸಿಗೆ ಒಂದು ಕಷ್ಟವೇ ಅಲ್ಲ. ನರ್ಸರಿಯವರು ಕೇನ್ ಎನ್ನುವ ಅದರ ದಪ್ಪ ಕಾಂಡಗಳಲ್ಲಿ ನೀರೂ ಆಹಾರವೂ ಶೇಖರವಾಗಿರುತ್ತವೆ. ಚೆನ್ನಾಗಿ ಬೆಳೆದ ಗಿಡ ವರ್ಷಕ್ಕೆ ಎರಡು-ಮೂರು ಬಾರಿ ಹೂ ಬಿಡುವುದುಂಟು, ಒಂದೊಂದು ಗೊಂಚಲು ತಿಂಗಳಿಗೂ ಮೀರಿ ನಿಲ್ಲುತ್ತದೆ. ಎಲೆ ಉದುರಿ ಬೋಳಾದ ಹಳೆಯ ಕೇನ್ ಸತ್ತಿದೆ ಎಂದು ಕತ್ತರಿಸುವವರು ಬಹಳ. ಅದು ಗಟ್ಟಿಯಾಗಿ ಹಸಿರಾಗಿ ಇರುವಷ್ಟು ಕಾಲ ಹೊಸ ಕುಡಿಗೆ ಉಣಿಸುತ್ತಲೇ ಇರುತ್ತದೆ, ಅದರ ತುದಿಯಲ್ಲೇ ಮತ್ತೆ ಹೂವೂ ಬರುತ್ತದೆ. ಚಳಿಗಾಲದಲ್ಲಿ ಒಂದೆರಡು ಎಲೆ ಹಳದಿಯಾಗುವುದು ರೋಗವಲ್ಲ. ಆಗ ನೀರು ತಗ್ಗಿಸಬೇಕು. ಇದೇ ಕುಲದ ನೋಬೈಲ್ ಬಗೆಗೆ ಮಾತ್ರ ಹೂ ಕಟ್ಟಲು ಒಣಗಿದ, ತಣ್ಣನೆಯ ಚಳಿಗಾಲ ಬೇಕು. ಇಲ್ಲಿನ ಮೆದು ಚಳಿ ಅದಕ್ಕೆ ಕೆಲವು ವರ್ಷ ಸಾಲುತ್ತದೆ, ಕೆಲವು ವರ್ಷ ಸಾಲದು. ಆದ್ದರಿಂದ ಅದು ಎರಡನೆಯ ಗಿಡವಾಗಲಿ.

ಮಧ್ಯಮ ಬೆಳಕಿನ ಜಾಗಕ್ಕೆ ಆನ್ಸಿಡಿಯಂ ಇದೆ. ಹಳದಿ ಲಂಗ ತೊಟ್ಟು ಕುಣಿಯುವ ಹುಡುಗಿಯರ ಗುಂಪಿನಂತೆ ಕಾಣುವ ಅದರ ಸಣ್ಣ ಹೂಗಳ ಉದ್ದನೆಯ ಗೊಂಚಲನ್ನು ಒಮ್ಮೆ ಕಂಡವರು ಮರೆಯುವುದಿಲ್ಲ. 'ಗೋವರ್ ರಾಮ್ಸೆ' ಅದರ ಬಲು ಬಳಕೆಯ ತಳಿ. 'ಶಾರಿ ಬೇಬಿ' ಎಂಬ ಕಂದುಗೆಂಪು ತಳಿಗೆ ಚಾಕೊಲೇಟಿನ ಪರಿಮಳವಿದೆ. ಇದರ ಬೇರು ತೆಳು, ಆದ್ದರಿಂದ ಡೆಂಡ್ರೋಬಿಯಂಗಿಂತ ತುಸು ಹೆಚ್ಚು ತೇವ ಬೇಕು. ಈ ಗಿಡದ ದೊಡ್ಡ ಉಪಕಾರವೆಂದರೆ ಅದು ತನ್ನ ಕಷ್ಟವನ್ನು ಮುಚ್ಚಿಡುವುದಿಲ್ಲ. ನೀರು ಸಾಲದಿದ್ದರೆ ಬುಡದ ಉಬ್ಬಿದ ಕಾಂಡಗಳಾದ ಬಲ್ಬುಗಳು ಸುಕ್ಕುಗಟ್ಟುತ್ತವೆ, ಹೊಸ ಎಲೆ ಮಡಿಕೆ ಮಡಿಕೆಯಾಗಿ ಹೊರಬರುತ್ತದೆ. ಆ ಗುರುತು ಕಂಡು ನೀರು ಸರಿಪಡಿಸಿದರೆ ಮುಂದಿನ ಎಲೆ ನೇರವಾಗುತ್ತದೆ.

ಕ್ಯಾಟ್ಲಿಯಾ ಮಧ್ಯ ಮತ್ತು ದಕ್ಷಿಣ ಅಮೆರಿಕದ ಕುಲ. ಅಂಗೈ ಅಗಲದ, ಹಲವು ತಳಿಗಳಲ್ಲಿ ಘಮಘಮಿಸುವ ಹೂ. ಬೆಂಗಳೂರಿನ ಉಷ್ಣಾಂಶ ಇದಕ್ಕೆಂದೇ ಹೊಂದಿಸಿದಂತಿದೆ, ಆದರೂ ಇಲ್ಲಿನ ಮನೆಗಳಲ್ಲಿ ಇದು ಕಾಣುವುದು ಕಡಿಮೆ ಎನ್ನುವುದು ಖೇದದ ಸಂಗತಿ. ದಪ್ಪ ಬಲ್ಬು, ಚಕ್ಕಳದಂಥ ಎಲೆ. ಒಂದು ವಾರ ಮನೆಗೆ ಬೀಗ ಹಾಕಿ ಊರಿಗೆ ಹೋದರೂ ಏನೂ ಆಗದು. ಕುಂಡ ಪೂರ್ತಿ ಒಣಗಿದ ಮೇಲಷ್ಟೇ ನೀರು ಕೊಡಬೇಕು. ಎಲೆ ತಿಳಿಹಸಿರಾಗಿದ್ದರೆ ಬೆಳಕು ಸರಿಯಿದೆ, ಕಡುಹಸಿರಾಗಿದ್ದರೆ ಬೆಳಕು ಸಾಲದು, ಹೂ ಬರುವುದಿಲ್ಲ. ಬಹುಪಾಲು ತಳಿಗಳು ವರ್ಷಕ್ಕೊಮ್ಮೆ ಹೂ ಬಿಟ್ಟು ಎರಡು-ಮೂರು ವಾರ ಉಳಿಸಿಕೊಳ್ಳುತ್ತವೆ. ಅಷ್ಟು ಕಾಯುವ ತಾಳ್ಮೆಯಿರುವವರಿಗೆ ಇದಕ್ಕಿಂತ ದೊಡ್ಡ ಪ್ರತಿಫಲ ಬೇರೆ ಆರ್ಕಿಡ್‌ನಲ್ಲಿ ಸಿಗುವುದು ಕಷ್ಟ.

ಅಂಗಡಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಮಾರಾಟವಾಗುವ ಫಲೇನಾಪ್ಸಿಸ್ ಅನ್ನು ಹೊಸಬರ ಗಿಡವೆಂದು ಎಲ್ಲರೂ ಹೇಳುತ್ತಾರೆ. ಈ ಮಾತನ್ನು ಎಚ್ಚರದಿಂದ ಒಪ್ಪಬೇಕು. ಅದಕ್ಕೆ ನೇರ ಬಿಸಿಲು ಬೇಡ, ಕಿಟಕಿಯ ಪಕ್ಕದ ಮೇಜಿನ ಮೇಲೆ ಹೊಂದಿಕೊಳ್ಳುತ್ತದೆ, ಹೂ ಎರಡು-ಮೂರು ತಿಂಗಳು ಬಾಡುವುದಿಲ್ಲ. ಬೆಂಗಳೂರಿನಲ್ಲಿ ಇನ್ನೊಂದು ಅನುಕೂಲವೂ ಇದೆ: ಕೆಲವು ವಾರ ವಾತಾವರಣ ತಂಪಾದರೆ ಅದು ಹೂಗೊಂಚಲು ಹೊರಡಿಸುತ್ತದೆ, ಆ ತಂಪು ನವೆಂಬರ್‌ನಿಂದ ಜನವರಿವರೆಗೆ ತಾನಾಗಿಯೇ ಒದಗುತ್ತದೆ. ಆದರೆ ಅದಕ್ಕೆ ಬಲ್ಬಿಲ್ಲ, ಬೆಳೆಯುವ ತುದಿ ಒಂದೇ. ಎಲೆಗಳ ನಡುವಿನ ಆ ಸುಳಿಯಲ್ಲಿ ಮಳೆಗಾಲದ ಒಂದು ರಾತ್ರಿ ನೀರು ನಿಂತರೆ ಸುಳಿ ಕೊಳೆಯಬಹುದು. ಬಳಿಕ ಗಿಡ ಚೇತರಿಸಿಕೊಳ್ಳುವುದು ಅಪರೂಪ. ಸೂರಿನ ಕೆಳಗಿಟ್ಟು, ಬೆಳಗ್ಗೆ ಮಾತ್ರ ಬುಡಕ್ಕೆ ನೀರು ಹಾಕಿ, ಸುಳಿಗೆ ಬಿದ್ದ ಹನಿಯನ್ನು ಟಿಶ್ಯೂ ಕಾಗದದಿಂದ ಒರೆಸುವ ಶಿಸ್ತಿದ್ದವರಿಗೆ ಇದು ಸುಲಭದ ಗಿಡ. ಬಯಲಿನಲ್ಲಿ ಮಳೆಗೆ ಬಿಡುವವರಿಗೆ ಅಲ್ಲ. ಅಚ್ಚ ನೀಲಿ ಬಣ್ಣದ ಫಲೇನಾಪ್ಸಿಸ್ ಎಂದು ಮಾರುವುದು ಸಾಮಾನ್ಯವಾಗಿ ಬಿಳಿ ಹೂವಿನ ಗಿಡಕ್ಕೆ ಬಣ್ಣ ಚುಚ್ಚಿದ್ದು. ಮುಂದಿನ ಸಲ ಅದರಲ್ಲಿ ಬಿಳಿ ಹೂವೇ ಬರುತ್ತದೆ.

ಮಣ್ಣಿನ ಕುಂಡದ ಅಭ್ಯಾಸ ಬಿಡಲಾಗದವರಿಗೆ ನೆಲದ ಆರ್ಕಿಡ್‌ಗಳಿವೆ. ಸ್ಪ್ಯಾಥೋಗ್ಲಾಟಿಸ್ ಎಳೆಯ ತೆಂಗಿನ ಸಸಿಯಂಥ ಎಲೆಯದು, ನೇರಳೆ ಅಥವಾ ಹಳದಿ ಹೂವಿನದು. ಮರಳು, ಕೋಕೋಪೀಟ್, ಎಲೆಗೊಬ್ಬರ ಬೆರೆಸಿದ ಸಡಿಲ ಮಣ್ಣಿನಲ್ಲಿ ಗುಲಾಬಿ ಗಿಡಕ್ಕೆ ಮಾಡುವ ಆರೈಕೆಗಿಂತ ಕಡಿಮೆ ಆರೈಕೆಯಲ್ಲಿ ವರ್ಷದ ಬಹುಭಾಗ ಹೂ ಬಿಡುತ್ತದೆ. ಬನಶಂಕರಿಯ ಬಿಸಿಲು ತಾರಸಿಗೆ ರೀಡ್ ಎಪಿಡೆಂಡ್ರಂ ಸರಿ. ಬೇರೆ ಆರ್ಕಿಡ್‌ಗಳ ಎಲೆ ಸುಡುವ ಬಿಸಿಲಿನಲ್ಲಿ ಅದು ಕಿತ್ತಳೆ, ಕೆಂಪು ಚೆಂಡುಗಳನ್ನು ಹೊತ್ತು ನಿಲ್ಲುತ್ತದೆ. ಬಿಟಿಎಂನ ನೆರಳು ಮನೆಗೆ ಲುಡಿಸಿಯಾ. ಅದರ ಬಿಳಿ ಹೂ ಸಣ್ಣದು, ಬೆಳೆಸುವುದು ಎಲೆಗಾಗಿ: ಕಂದು ಮಖಮಲ್ಲಿನಂಥ ಮೈಮೇಲೆ ತಾಮ್ರಗೆಂಪು ಗೆರೆಗಳು. ಕಾಂಡದ ತುಂಡು ಊರಿದರೂ ಬೇರೊಡೆಯುತ್ತದೆ.

ಮೊದಲಿಗೆ ಕೊಳ್ಳಬಾರದವನ್ನೂ ಹೆಸರಿಸಬೇಕು. ವಾಂಡಾ ಬರಿಬೇರಿನಲ್ಲಿ ಮರದ ಬುಟ್ಟಿಯಿಂದ ನೇತಾಡುವ ಗಿಡ. ಕರಾವಳಿಯ ತೇವದಲ್ಲಿ ಅದು ನಲಿಯುತ್ತದೆ, ಆದರೆ ಮಾರ್ಚ್ ತಿಂಗಳ ಬೆಂಗಳೂರಿನಲ್ಲಿ ದಿನಕ್ಕೆರಡು ಸಲ ಬೇರು ನೆನೆಸದಿದ್ದರೆ ಒಣಗುತ್ತದೆ. ಸಿಂಬಿಡಿಯಂನ ದೊಡ್ಡ ಹೂವಿನ ತಳಿಗಳಿಗೆ ಸಿಕ್ಕಿಂ, ಊಟಿಯ ತಂಪು ರಾತ್ರಿ ಬೇಕು. ಇಲ್ಲಿ ಅವು ವರ್ಷಗಟ್ಟಲೆ ಎಲೆಯಷ್ಟೇ ಬೆಳೆಸುತ್ತವೆ. ಪಾದುಕೆಯಂಥ ಹೂವಿನ ಪ್ಯಾಫಿಯೋಪೆಡಿಲಂ ಬಹಳ ನಿಧಾನದ್ದು, ಅದರ ಕಾಡುಪ್ರಭೇದಗಳ ಮೇಲೆ ಕಾನೂನಿನ ಬಿಗಿ ಕಾವಲೂ ಇದೆ.

ಮಲೆನಾಡಿಗೆ ಹೋದವರು ಮೇ-ಜೂನ್‌ನಲ್ಲಿ ಮರದಿಂದ ಇಳಿಬಿದ್ದ, ಸೀತೆದಂಡೆ ಎಂಬ ಕಾಡು ಆರ್ಕಿಡಿನ ಗುಲಾಬಿ ಚುಕ್ಕೆಯ ಗೊಂಚಲು ಕಂಡು ಗಿಡ ಬಿಡಿಸಿ ತರಲು ಹಂಬಲಿಸುತ್ತಾರೆ. ಹಾಗೆ ಮಾಡಲೇಬಾರದು. ಅರಣ್ಯದಿಂದ ಗಿಡ ಕೀಳುವುದು ಅಪರಾಧ; ಇಡೀ ಆರ್ಕಿಡ್ ಕುಟುಂಬ ಅಂತಾರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿದೆ. ಕೊಂಬೆಯಿಂದ ಕಿತ್ತಾಗ ಹರಿದ ಬೇರು ಊರಿನ ಒಣಗಾಳಿಯಲ್ಲಿ ಮತ್ತೆ ಹಿಡಿಯುವುದೂ ಕಷ್ಟ. ಕಾಡಿನಲ್ಲಿ ಒಂದು ಆರ್ಕಿಡ್ ಹುಟ್ಟುವುದೇ ದುರ್ಲಭ: ಧೂಳಿನಷ್ಟು ಸಣ್ಣ ಬೀಜದಲ್ಲಿ ಆಹಾರವಿಲ್ಲ, ತಕ್ಕ ಶಿಲೀಂಧ್ರ ಸಿಕ್ಕರೆ ಮಾತ್ರ ಅದು ಮೊಳೆಯುತ್ತದೆ. ಅಮೆರಿಕದ ಲೂಯಿಸ್ ಕ್ನುಡ್ಸನ್ 1922ರಲ್ಲಿ ಶಿಲೀಂಧ್ರದ ನೆರವಿಲ್ಲದೆ ಸಕ್ಕರೆ ಬೆರೆಸಿದ ಮಾಧ್ಯಮದಲ್ಲಿ ಬೀಜ ಮೊಳೆಸುವ ವಿಧಾನ ಪ್ರಕಟಿಸಿದರು; 1960ರಲ್ಲಿ ಫ್ರಾನ್ಸಿನ ಜಾರ್ಜ್ ಮೊರೆಲ್ ಕುಡಿಯ ತುದಿಯಿಂದ ಸಸಿಗಳನ್ನು ಪಡೆಯುವ ದಾರಿ ತೋರಿಸಿದರು. ಇಂದು ನರ್ಸರಿಯಲ್ಲಿ ಸಿಗುವ ಗಿಡಗಳು ಹೀಗೆ ಪ್ರಯೋಗಾಲಯದಲ್ಲಿ ಹುಟ್ಟಿದವು. ಅವು ಕುಂಡಕ್ಕೆ ಒಗ್ಗಿದವು, ಅವುಗಳಿಂದ ಕಾಡಿಗೆ ನಷ್ಟವಿಲ್ಲ.

ಗಿಡ ಕೊಳ್ಳಲು ದಕ್ಷಿಣ ಬೆಂಗಳೂರಿನವರು ದೂರ ಹೋಗಬೇಕಿಲ್ಲ. ಲಾಲ್‌ಬಾಗ್‌ನ ಬದಿಯ ಸಿದ್ದಾಪುರದ ನರ್ಸರಿಗಳು ಹತ್ತಿರವೇ ಇವೆ. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಹೊತ್ತಿಗೆ ಲಾಲ್‌ಬಾಗ್‌ನಲ್ಲಿ ಫಲಪುಷ್ಪ ಪ್ರದರ್ಶನ ನಡೆಯುತ್ತದೆ, ಅಲ್ಲಿನ ಮಳಿಗೆಗಳಲ್ಲೂ ಆರ್ಕಿಡ್ ಸಿಗುತ್ತದೆ. ಎರಡರಲ್ಲಿ ಆಗಸ್ಟಿನದೇ ಹೊಸಬರಿಗೆ ಲೇಸು. ಜನವರಿಯಲ್ಲಿ ತಂದ ಗಿಡ ಹೊಸ ಮನೆಗೆ ಒಗ್ಗುವ ಮೊದಲೇ ಬೇಸಿಗೆ ಬರುತ್ತದೆ, ಆಗಸ್ಟಿನಲ್ಲಿ ತಂದದ್ದಕ್ಕೆ ಐದಾರು ತಿಂಗಳ ಬಿಡುವು ಸಿಗುತ್ತದೆ. ಆಸಕ್ತರ ಸಂಘವಾದ ದಿ ಆರ್ಕಿಡ್ ಸೊಸೈಟಿ ಆಫ್ ಕರ್ನಾಟಕವೂ ಈ ಊರಿನಲ್ಲಿದೆ. ಅನುಭವಿಗಳ ಸಲಹೆ ಅಲ್ಲಿ ದೊರೆಯುತ್ತದೆ. ಕೊಳ್ಳುವಾಗ ಹೂವಿಗಿಂತ ಬುಡ ನೋಡಬೇಕು. ಗಿಡ ಅಲ್ಲಾಡಿಸಿದರೆ ಕುಂಡದಲ್ಲಿ ಭದ್ರವಾಗಿರಬೇಕು, ಬೇರು ಒತ್ತಿದರೆ ಗಟ್ಟಿಯಾಗಿರಬೇಕು, ಒಂದಾದರೂ ಹೊಸ ಕುಡಿ ಇರಬೇಕು, ಎಲೆಯ ಅಡಿಯಲ್ಲಿ ಬಿಳಿ ಹಿಟ್ಟಿನಂಥ ಹುಳು ಇರಬಾರದು. ಅಗ್ಗವೆಂದು ಬೆರಳುದ್ದದ ಸಸಿ ತರುವುದು ಬೇಡ. ಅದು ಹೂ ಬಿಡಲು ಕೆಲವು ವರ್ಷ ಬೇಕು, ಅಷ್ಟರಲ್ಲಿ ಬೆಳೆಸುವವರ ಉತ್ಸಾಹವೇ ಇಳಿದಿರುತ್ತದೆ.

ಕುಂಡ ತುಂಬಲು ಇದ್ದಿಲು, ಇಟ್ಟಿಗೆ ಚೂರು, ಒಡೆದ ಹೆಂಚು ಸಾಕು. ಇವು ಬೇಗ ಒಣಗುತ್ತವೆ, ಕೊಳೆಯುವುದಿಲ್ಲ, ನಮ್ಮ ಮಳೆಗಾಲಕ್ಕೆ ಹೇಳಿ ಮಾಡಿಸಿದಂಥವು. ಗಾಳಿ ಹೆಚ್ಚಿರುವ ಎತ್ತರದ ಬಾಲ್ಕನಿಯಲ್ಲಿ ಮೂರರಲ್ಲೊಂದು ಪಾಲು ತೆಂಗಿನ ಸಿಪ್ಪೆಯ ತುಂಡು ಸೇರಿಸಬಹುದು. ಅದನ್ನು ಮೊದಲು ಎರಡು-ಮೂರು ದಿನ ನೀರು ಬದಲಿಸುತ್ತ ನೆನೆಸಿ ಕಂದು ಬಣ್ಣ ಬಿಡಿಸಬೇಕು. ಪಕ್ಕದಲ್ಲೂ ತೂತಿರುವ ಮಣ್ಣಿನ ಕುಂಡ ಶ್ರೇಷ್ಠ. ಕುಂಡ ಗಿಡಕ್ಕೆ ಬಿಗಿಯಾಗಿರಲಿ, ದೊಡ್ಡ ಕುಂಡದ ನಡುಭಾಗ ಒಣಗುವುದಿಲ್ಲ.

ನೀರಿನ ಗುಣವೂ ಮುಖ್ಯ. ಕಾವೇರಿ ನೀರು ಬರುವ ಮನೆಗಳಲ್ಲಿ ಅದನ್ನು ಒಂದು ರಾತ್ರಿ ಬಕೆಟ್ಟಿನಲ್ಲಿ ಬಿಟ್ಟು ಬಳಸಬಹುದು. ಬೋರ್‌ವೆಲ್, ಟ್ಯಾಂಕರ್ ನೀರಿನ ಗಡಸು ಲವಣ ಬೇರಿನ ಮೇಲೆ ಬಿಳಿ ಪೊರೆಯಾಗಿ ಕೂರುತ್ತದೆ, ಬೇರಿನ ತುದಿ ಸುಡುತ್ತದೆ. ಆರ್‌ಒ ಯಂತ್ರದಿಂದ ಹೊರಹೋಗುವ ನೀರಿನಲ್ಲಿ ಲವಣ ಇನ್ನೂ ಹೆಚ್ಚು, ಅದು ಬೇಡವೇ ಬೇಡ. ಮಳೆನೀರಿಗೆ ಸಮನಾದದ್ದಿಲ್ಲ. ಜಲಮಂಡಳಿ ಜಯನಗರದಲ್ಲೇ ಮಳೆನೀರು ಸಂಗ್ರಹದ ಮಾದರಿ ಉದ್ಯಾನ ನಿರ್ಮಿಸಿದೆ. ಅಲ್ಲಿ ತೋರಿಸುವ ಸರಳ ವಿಧಾನದಲ್ಲಿ ತಾರಸಿಯ ಒಂದು ಡ್ರಮ್ ತುಂಬಿಕೊಂಡರೆ ಹತ್ತಾರು ಕುಂಡಕ್ಕೆ ಬಹಳ ದಿನ ಬರುತ್ತದೆ, ಸೊಳ್ಳೆಯಾಗದಂತೆ ಮುಚ್ಚಿಡಬೇಕು ಅಷ್ಟೆ. 2024ರ ಮಾರ್ಚ್‌ನ ನೀರಿನ ಬರದಲ್ಲಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡವೆಂದು ಇದೇ ಮಂಡಳಿ ಪ್ರಕಟಿಸಬೇಕಾಯಿತು. ಅಂಥ ಬೇಸಿಗೆಗಳು ಮತ್ತೆ ಬರುವ ಊರಿನಲ್ಲಿ ಡ್ರಮ್ಮಿನ ನೀರು ಗಿಡಕ್ಕೂ ಮನೆಗೂ ಕ್ಷೇಮ. ಬೇಸಿಗೆಯಲ್ಲಿ ದಿನಕ್ಕೊಮ್ಮೆ, ಚಳಿಯಲ್ಲಿ ವಾರಕ್ಕೆರಡು ಸಲ, ಮಳೆಗಾಲದಲ್ಲಿ ಬೇರು ಬೂದಿಯಾದಾಗ ಮಾತ್ರ ನೀರು ಎಂಬುದು ಇದ್ದಿಲಿನ ಕುಂಡಕ್ಕೆ ಒಂದು ಅಂದಾಜು. ಕೊನೆಯ ತೀರ್ಪು ಬೇರಿನ ಬಣ್ಣದ್ದು.

ಗೊಬ್ಬರಕ್ಕೆ ರೈತರು 'ನೈಂಟೀನ್ ಆಲ್' ಎನ್ನುವ 19:19:19 ಪುಡಿಯನ್ನು ಲೀಟರಿಗೆ ಅರ್ಧ ಗ್ರಾಂ ಕರಗಿಸಿ ವಾರಕ್ಕೊಮ್ಮೆ ಸಿಂಪಡಿಸಿದರೆ ಸಾಕು. ತಿಂಗಳಿಗೊಮ್ಮೆ ಬರಿ ನೀರು ಧಾರಾಳ ಸುರಿದು ಉಳಿದ ಲವಣ ತೊಳೆಯಬೇಕು. ಸಗಣಿಗೊಬ್ಬರ, ಎರೆಗೊಬ್ಬರ, ಅಕ್ಕಿ ತೊಳೆದ ನೀರು ನೆಲದ ಆರ್ಕಿಡ್‌ಗೆ ಆದೀತು. ಇದ್ದಿಲಿನ ಕುಂಡದಲ್ಲಿ ಅವು ಸಂದು ಕಟ್ಟಿ ಬೂಷ್ಟು, ಇರುವೆ ತರುತ್ತವೆ.

ಮಳೆಗಾಲದ ರಾತ್ರಿ ಬಸವನಹುಳು ಎಳೆ ಬೇರಿನ ತುದಿ ತಿನ್ನುತ್ತದೆ. ಟಾರ್ಚ್ ಹಿಡಿದು ಹೆಕ್ಕುವುದೇ ಮದ್ದು. ಹಿಟ್ಟು ತಿಗಣೆಯನ್ನು ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿ, ಸಂಜೆ ಬೇವಿನ ಎಣ್ಣೆ ಸಿಂಪಡಿಸಬೇಕು. ಎಲೆಯಲ್ಲಿ ನೀರು ತುಂಬಿದಂಥ ಮೆತ್ತನೆ ಕಲೆ ಕಂಡರೆ ಅದೇ ದಿನ, ಜ್ವಾಲೆಗೆ ಹಿಡಿದು ಶುದ್ಧಮಾಡಿದ ಕತ್ತರಿಯಿಂದ ಕಲೆಯ ಆಚೆಗೂ ಸ್ವಲ್ಪ ಸೇರಿಸಿ ಕತ್ತರಿಸಿ, ಗಾಯಕ್ಕೆ ಚಕ್ಕೆ ಪುಡಿ ಹಚ್ಚಬೇಕು. ಪುಡಿ ಬೇರಿಗೆ ತಾಗಬಾರದು, ಅದು ಬೇರನ್ನು ಒಣಗಿಸುತ್ತದೆ.

ಎರಡು ವರ್ಷಕ್ಕೊಮ್ಮೆ ಕುಂಡ ಬದಲಿಸಬೇಕಾಗುತ್ತದೆ. ಹೂವಿರುವಾಗ ಅಲ್ಲ, ಹೊಸ ಕುಡಿಯ ಬುಡದಲ್ಲಿ ಬೇರಿನ ಮೊನೆ ಕಾಣುವಾಗ. ಡೆಂಡ್ರೋಬಿಯಂನಲ್ಲಿ ಅದು ಹೆಚ್ಚಾಗಿ ಮೇ ತಿಂಗಳ ಮಳೆಯ ಹೊತ್ತು. ಸತ್ತ ಬೇರು ಕತ್ತರಿಸಿ, ಗಿಡ ಅಲ್ಲಾಡದಂತೆ ಕಡ್ಡಿಗೆ ಕಟ್ಟಿ, ಒಂದೆರಡು ವಾರ ನೆರಳಿನಲ್ಲಿಡಬೇಕು. ಪಾಲು ಮಾಡುವುದಿದ್ದರೆ ಪ್ರತಿ ಪಾಲಿಗೂ ಮೂರು ಕೇನ್ ಅಥವಾ ಬಲ್ಬ್ ಉಳಿಯಲಿ. ಡೆಂಡ್ರೋಬಿಯಂನ ಹಳೆಯ ಕೇನ್ ತುದಿಯಲ್ಲಿ ಕೆಲವೊಮ್ಮೆ ಕೀಕಿ ಎಂಬ ಮರಿಗಿಡ ಹುಟ್ಟುತ್ತದೆ. ಅದರ ಬೇರು ಎರಡು ಅಂಗುಲ ಬೆಳೆದ ಮೇಲೆ ಬಿಡಿಸಿ ಪುಟ್ಟ ಕುಂಡದಲ್ಲಿ ನೆಡಬಹುದು.